ನವೆಂಬರ್‌ನಲ್ಲಿ ಐದು ದಿನ ವೆನಿಸ್‌ಗೆ ಹೋಗುತ್ತಿದ್ದೇನೆ, ದಿನಕ್ಕೊಂದು ಜಾಗದಲ್ಲಿ ಸ್ಪಾಟ್ ಪೇಂಟಿಂಗ್ ಮಾಡಲು ಯಾವ ಈಸೆಲ್ ಒಳ್ಳೆಯದು?

ಈಸೆಲ್, ಅಂದರೆ ಹಾಳೆ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಐದು ದಿನ, ಐದು ಜಾಗ, ಅದೇ ನವೆಂಬರ್. ನಾನೂ ಇದೇ ಲೆಕ್ಕ ಹಾಕಿಕೊಂಡು ಹೋಗಿದ್ದೆ.

ನಾನು ರಾಯಚೂರಿನವನು. ಜಲವರ್ಣಕ್ಕೆ ಬ್ರಷ್ ಹಿಡಿಯಲು ಕಲಿತದ್ದು ಅಲ್ಲಿನ ಬಿಸಿಲಲ್ಲಿ, ಕೋಟೆಯ ಕೆಳಗೆ ಕೂತು. ಆಕಾಶಕ್ಕೆ ಒಂದು ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ತೆಳು ಪದರ, ಹಾಕಿ, ಡಬ್ಬಿಯ ನೀರು ಬದಲಿಸಿಕೊಂಡು ಬರುವಷ್ಟರಲ್ಲಿ ಹಾಳೆ ಒಣಗಿರುತ್ತಿತ್ತು. ಅದಕ್ಕೇ ನೀರನ್ನು ಧಾರಾಳವಾಗಿ ಬಳಸಿ, ಬೇಗ ಬೇಗ ಮುಗಿಸುವುದು ಕೈಗೆ ರೂಢಿಯಾಗಿತ್ತು. ಕೆಲಸದ ಮೇಲೆ ಮಿಲಾನ್‌ಗೆ ಹೋದಾಗ ರಜೆ ಹಾಕಿ ರೈಲಲ್ಲಿ ವೆನಿಸ್‌ಗೆ ಬಂದೆ. ನವೆಂಬರ್ 21 ಸಿಗುವ ಹಾಗೆ ನೋಡಿಕೊಂಡೇ ಬಂದಿದ್ದೆ. ಅವತ್ತು ಸಲೂಟೆ ಚರ್ಚಿನ ಹಬ್ಬ. 1630ರ ಪ್ಲೇಗಿನಲ್ಲಿ ಊರು ಹರಕೆ ಹೊತ್ತು ಕಟ್ಟಿಸಿದ ಚರ್ಚು ಅದು. ನಮ್ಮ ಬೆಂಗಳೂರಲ್ಲಿ ಪ್ಲೇಗಮ್ಮನ ಗುಡಿಗಳಿವೆಯಲ್ಲ, ಹಾಗೇ. ಹಬ್ಬಕ್ಕೆ ಅಂತ ಗ್ರ್ಯಾಂಡ್ ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ತೇಲು ಸೇತುವೆ ಹಾಕುತ್ತಾರೆ, ಊರಿನವರೆಲ್ಲ ಅದರ ಮೇಲೆ ನಡೆದು ಹೋಗಿ ಮೇಣದಬತ್ತಿ ಹಚ್ಚುತ್ತಾರೆ. ಅವತ್ತಿನ ಆ ಚರ್ಚಿನ ಗುಮ್ಮಟ ನನ್ನ ಹಾಳೆಯ ಮೇಲೆ ಬೇಕಿತ್ತು.

ಅಕಾಡೆಮಿಯಾ ಸೇತುವೆಯಿಂದ ಸ್ವಲ್ಪ ನಡೆದರೆ ಕಾಂಪೊ ಸಾನ್ ವಿಯೊ ಅಂತ ಕಾಲುವೆಗೆ ತೆರೆದುಕೊಂಡ ಒಂದು ಪುಟ್ಟ ಚೌಕ ಇದೆ. ವೆನಿಸ್‌ನವರೇ ಆದ ಚಿತ್ರಕಾರ ಕನಲೆಟ್ಟೊ ಸುಮಾರು 300 ವರ್ಷದ ಹಿಂದೆ ಅಲ್ಲಿಂದ ಕಾಣುವ ನೋಟವನ್ನು ಮತ್ತೆ ಮತ್ತೆ ಬರೆದಿದ್ದಾರೆ. ಅಲ್ಲೇ ಕೂತೆ. ಒಂಬತ್ತೂವರೆಗೆ ಆಕಾಶದ ವಾಶ್ ಹಾಕಿದೆ, ಊರಲ್ಲಿ ಬಳಸುವಷ್ಟೇ ನೀರಲ್ಲಿ. ಹತ್ತು ನಿಮಿಷ ಆಯಿತು, ಹಾಳೆ ಇನ್ನೂ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಹಾಳೆಯ ನೀರು ಹೋಗುವುದಾದರೂ ಎಲ್ಲಿಗೆ? ಇಪ್ಪತ್ತು ನಿಮಿಷಕ್ಕೆ ಹೊಳಪು ಹೋಯಿತು. ಹೊಳಪು ಹೋಯಿತು ಅಂದರೆ ಒಣಗಿತು ಅಂದುಕೊಂಡು ಗುಮ್ಮಟದ ಬೂದು ಬಣ್ಣ ಹಾಕಿದೆ.

ನಾನು ಕೆಟ್ಟದ್ದು ಇಲ್ಲೇ, ದಯವಿಟ್ಟು ನಿಧಾನವಾಗಿ ಓದಿ. ಹೊಳಪು ಹೋದಾಗ ಇಂಗಿರುವುದು ಮೇಲಿನ ನೀರು ಮಾತ್ರ. ಹಾಳೆಯ ನಾರಿನೊಳಗೆ ಇನ್ನೂ ತೇವ ಇರುತ್ತದೆ, ಬಣ್ಣ ಕೂತಿರುವುದಿಲ್ಲ. ಆ ಹೊತ್ತಲ್ಲಿ ಹಾಳೆಗಿಂತ ಒದ್ದೆಯಾದ ಬ್ರಷ್ ತಾಗಿಸಿದರೆ ಹೊಸ ನೀರು ಒಳಗೆ ನುಗ್ಗಿ, ಇದ್ದ ಬಣ್ಣವನ್ನು ತಳ್ಳಿಕೊಂಡು ಹೋಗಿ, ಅಂಚಲ್ಲಿ ಗರಗಸದಂಥ ಕಪ್ಪು ಗೆರೆಯಾಗಿ ಬಿಡುತ್ತದೆ. ನಮ್ಮ ಮೇಷ್ಟ್ರು ಇದಕ್ಕೆ ಹೂಕೋಸು ಅನ್ನುತ್ತಿದ್ದರು. ಪೂರ್ತಿ ಒದ್ದೆ ಇದ್ದಾಗ ಹಾಕಿದ್ದರೆ ಮೆತ್ತಗೆ ಬೆರೆಯುತ್ತಿತ್ತು, ಪೂರ್ತಿ ಒಣಗಿದ ಮೇಲೆ ಹಾಕಿದ್ದರೆ ಅಂಚು ಚೊಕ್ಕಟವಾಗಿ ನಿಲ್ಲುತ್ತಿತ್ತು. ನಾನು ಎರಡರ ನಡುವೆ ಹಾಕಿದೆ. ಗುಮ್ಮಟ ಆಕಾಶಕ್ಕೆ ಹರಿದು ಹೋಯಿತು. ಆಮೇಲಾದರೂ ಕೈಕಟ್ಟಿ ಕೂರಬೇಕಿತ್ತು. ಗಾಬರಿಯಲ್ಲಿ ಟಿಶ್ಯೂ ಒತ್ತಿ ಒತ್ತಿ ಉಜ್ಜಿದೆ, ಹಾಳೆಯ ಮೈಯೇ ಕಿತ್ತು ಬಂತು. ಎರಡನೇ ಹಾಳೆ ತೆಗೆದೆ, ಅದೂ ಹಾಗೇ ಆಯಿತು. ಮಧ್ಯಾಹ್ನಕ್ಕೆ ಮಂಜು ಇಳಿಯಿತು, ನಾಲ್ಕೂವರೆ ಹೊತ್ತಿಗೆ ಸೂರ್ಯ ಮುಳುಗಿದ. ಜನ ಮೇಣದಬತ್ತಿ ಹಿಡಿದು ಹೋಗುತ್ತಿದ್ದರು, ನನ್ನ ಹತ್ತಿರ ಆ ದಿನದ್ದು ಅಂತ ಏನೂ ಉಳಿದಿರಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಕಣ್ಣನ್ನು ನಂಬಬೇಡಿ. ಹಸ್ತದ ಹಿಂಬದಿಯನ್ನು ಹಾಳೆಗೆ ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಮರುದಿನ ನಾನು ಅದೇ ಜಾಗಕ್ಕೆ ಹೋದೆ. ಅಂಗೈ ಅಗಲದ ಎರಡು ಹಾಳೆ ಇಟ್ಟುಕೊಂಡು, ಒಂದು ಒಣಗುವಾಗ ಇನ್ನೊಂದರಲ್ಲಿ ಪೆನ್ಸಿಲ್ ಕೆಲಸ ಮಾಡಿದೆ. ನೀರು ಅರ್ಧಕ್ಕರ್ಧ ಕಡಿಮೆ. ಆರೇಳು ಸಲ ಮುಟ್ಟಿ ನೋಡಿದ ಮೇಲೇ ಗುಮ್ಮಟಕ್ಕೆ ಕೈ ಹಾಕಿದ್ದು. ಆ ಎರಡೂ ಚಿತ್ರ ಚೆನ್ನಾಗಿ ಬಂದವು.

ಅದಕ್ಕೇ ದಿನಕ್ಕೊಂದು ಜಾಗ ಅನ್ನುವುದನ್ನು ಬಿಟ್ಟುಬಿಡಿ. ಐದೂ ದಿನ ಒಂದೇ ಜಾಗ, ತೀರಾ ಅಂದರೆ ಎರಡು. ಇಂಗ್ಲಿಷ್ ಚಿತ್ರಕಾರ ಟರ್ನರ್ 1819ರಲ್ಲಿ ಮೊದಲ ಸಲ ಕೆಲವೇ ದಿನಕ್ಕೆ ಬಂದಾಗ ಮಾಡಿದ್ದು ಹೆಚ್ಚಾಗಿ ಪೆನ್ಸಿಲ್ ಸ್ಕೆಚ್, ಬಣ್ಣ ಹಾಕಿದ್ದು ಬೆರಳೆಣಿಕೆಯಷ್ಟು. ಫ್ರೆಂಚ್ ಚಿತ್ರಕಾರ ಮೊನೆ 1908ರಲ್ಲಿ ಎರಡು ತಿಂಗಳು ಇದ್ದರೂ ಅಲ್ಲಿ ಶುರು ಮಾಡಿದ ಚಿತ್ರಗಳನ್ನು ಊರಿಗೆ ಹೋಗಿ ಮುಗಿಸಿ 1912ರಲ್ಲಿ ತೋರಿಸಿದರು. ನಿಮಗಿರುವುದು ಐದು ದಿನ.

ಈಸೆಲ್ ಬೇಡವೇ ಬೇಡ. ಅಲ್ಲಿನ ಗಲ್ಲಿಗಳಲ್ಲಿ ಇಬ್ಬರು ಎದುರಾದರೇ ಕಷ್ಟ, ಮೂರು ಕಾಲು ಎಲ್ಲಿ ಊರುತ್ತೀರಿ? ಸೇತುವೆ ಮೆಟ್ಟಿಲ ಮೇಲೆ ಕೂತರೆ ದಂಡ ಹಾಕುತ್ತಾರೆ, ಮಡಚುವ ಪುಟ್ಟ ಸ್ಟೂಲ್ ಒಯ್ಯಿರಿ, ಬೋರ್ಡ್ ತೊಡೆ ಮೇಲೆ ಸಾಕು. ಆಯಿಲ್ ಪೇಂಟ್ ಯೋಚನೆ ಇದ್ದರೆ, ಅದನ್ನು ತೆಳು ಮಾಡುವ ಟರ್ಪೆಂಟೈನ್ ವಿಮಾನದಲ್ಲಿ ಬಿಡುವುದಿಲ್ಲ. ಈಸೆಲ್ ದುಡ್ಡಲ್ಲಿ ಹತ್ತಿಯಿಂದ ಮಾಡಿದ ದಪ್ಪನೆಯ 300 ಜಿಎಸ್‌ಎಂ ಹಾಳೆ ತಗೊಳ್ಳಿ. ಕೈ ಮರಗಟ್ಟಿದಾಗ ಬಾರ್‌ಗೆ ಹೋಗಿ (ಅಲ್ಲಿ ಕಾಫಿ ಅಂಗಡಿಗೂ ಬಾರ್ ಅಂತಲೇ ಹೆಸರು) ನಿಂತೇ ಕಾಫಿ ಕುಡಿಯಿರಿ, ಕೂತರೆ ಬೆಲೆ ಜಾಸ್ತಿ. ಒಳಗಿನ ಬಿಸಿಗೆ ಹಾಳೆಯೂ ಒಣಗುತ್ತದೆ.

ಕೆಟ್ಟ ಹಾಳೆ ಎರಡೂ ನನ್ನ ಹತ್ತಿರ ಇವೆ. ಬೇಕಿದ್ದರೆ ಹೇಳಿ, ಫೋಟೊ ಹಾಕುತ್ತೇನೆ. ಹೂಕೋಸು ಎದ್ದ ಜಾಗ ಅದರಲ್ಲಿ ಚೆನ್ನಾಗಿ ಕಾಣುತ್ತದೆ.