ಲಾಗಿನ್ ಇಟ್ಟರೂ ಪಿಡಿಎಫ್ ಎಲ್ಲರಿಗೂ ತೆರೆಯುತ್ತಿದ್ದರೆ

ನಮಸ್ಕಾರ ರೀ. ಬೆಟಗೇರಿಯ ನಿಮ್ಮ ನೇಕಾರರ ಸಂಘದ ಸೈಟ್‌ನಲ್ಲಿ ಸದಸ್ಯರ ಪುಟಕ್ಕೆ ಪಾಸ್‌ವರ್ಡ್ ಇದ್ದರೂ, ಲೆಕ್ಕಪತ್ರದ ಪಿಡಿಎಫ್ ಲಿಂಕ್ ವಾಟ್ಸಾಪ್‌ನಲ್ಲಿ ಸಿಕ್ಕವರೆಲ್ಲ ಅದನ್ನು ತೆರೆಯುತ್ತಾರೆ, ಯಾಕೆ ಅಂತ ಕೇಳಿದ್ದೀರಿ. ನೀವು ಬೀಗ ಹಾಕಿದ್ದು ಪುಟಕ್ಕೆ, ಫೈಲಿಗಲ್ಲ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿರುವ ಫೈಲನ್ನು ಸರ್ವರ್ (ಸೈಟ್ ಇರುವ ಕಂಪ್ಯೂಟರ್) ನೇರವಾಗಿ ಕೊಟ್ಟುಬಿಡುತ್ತದೆ. ಲಾಗಿನ್ ಆಗಿದ್ದಾರಾ ಅಂತ ನೋಡುವುದೇ ಇಲ್ಲ.

ಧಾರವಾಡದಲ್ಲಿ ನಮ್ಮ ಸಂಘಕ್ಕೂ ಹೀಗೇ ಆಗಿತ್ತು. ಹಿರಿಯ ಸದಸ್ಯರೊಬ್ಬರು ಗೂಗಲ್‌ನಲ್ಲಿ ತಮ್ಮ ಹೆಸರು ಹುಡುಕಿದರೆ, ಮನೆ ವಿಳಾಸ, ಮೊಬೈಲ್ ನಂಬರ್ ಸಮೇತ ಇಡೀ ಪಟ್ಟಿ ಬಂತು. ಅವರ ಮುಖ ನೋಡಿ ಬಹಳ ಬೇಜಾರಾಯಿತು.

ಫೈಲುಗಳನ್ನು ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್‌ನಿಂದ, ಅಂದರೆ ಇಂಟರ್ನೆಟ್‌ನಲ್ಲಿ ನೇರವಾಗಿ ತೆರೆಯುವ ಫೋಲ್ಡರ್‌ನಿಂದ, ಹೊರಗಿಡಿ. ಸರ್ವರ್‌ನಲ್ಲಿ ನಡೆಯುವ ಒಂದು ಚಿಕ್ಕ ಪಿಎಚ್‌ಪಿ ಸ್ಕ್ರಿಪ್ಟ್ (ಪ್ರೋಗ್ರಾಮ್) ಮೊದಲು ಲಾಗಿನ್ ನೋಡಿ, ಸದಸ್ಯರಾದರೆ ಮಾತ್ರ ಫೈಲ್ ಕೊಡಲಿ. ಲಿಂಕ್‌ನಲ್ಲಿ ಫೈಲ್ ಹೆಸರು ಹಾಕಬೇಡಿ, ನಂಬರ್ ಹಾಕಿ. ಇಲ್ಲಾಂದ್ರೆ ಯಾರಾದರೂ ಹೆಸರು ತಿದ್ದಿ ಬೇರೆ ಫೋಲ್ಡರ್‌ನ ಫೈಲೂ ಎಳೆದುಕೊಳ್ಳಬಹುದು. ಹೊರಗಿಡಲು ಆಗದಿದ್ದರೆ, ಸರ್ವರ್ ತಂತ್ರಾಂಶ ಅಪಾಚೆ 2.4 ಇದ್ದಲ್ಲಿ ನೇರ ಲಿಂಕ್ ತಡೆಯಲು ಆ ಫೋಲ್ಡರ್‌ನ ಡಾಟ್ ಎಚ್‌ಟಿಆಕ್ಸೆಸ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ‘ರಿಕ್ವೈರ್ ಆಲ್ ಡಿನೈಡ್’ ಅಂತ ಇಂಗ್ಲಿಷ್‌ನಲ್ಲಿ ಬರೆಯಿರಿ. ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ತಂತ್ರಾಂಶ ಆದರೆ ಆ ಸೆಟ್ಟಿಂಗ್ ಫೈಲನ್ನು ಓದುವುದೇ ಇಲ್ಲ, ಹೋಸ್ಟಿಂಗ್‌ನವರನ್ನು ಕೇಳಿ. ರೋಬೋಟ್ಸ್ ಫೈಲನ್ನಂತೂ ನಂಬಬೇಡಿ. ಅದು ಇಲ್ಲಿ ಹುಡುಕಬೇಡಿ ಅಂತ ಗೂಗಲ್‌ಗೆ ಮಾಡುವ ವಿನಂತಿ ಅಷ್ಟೇ.

ಹಳೆ ಫೈಲ್ ಅಳಿಸಿದ ಮೇಲೆ ಇನ್‌ಕಾಗ್ನಿಟೋ ವಿಂಡೋದಲ್ಲಿ ಹಳೆ ಲಿಂಕ್ ಹಾಕಿ ನೋಡಿ. ಇನ್ನೂ ತೆರೆದರೆ ಸರ್ವರ್‌ನ ಕ್ಯಾಶ್ (ಉಳಿಸಿಟ್ಟ ಹಳೆ ಪ್ರತಿ) ಖಾಲಿ ಮಾಡಿಸಿ.