ಹಿಂಡಿದಷ್ಟೂ ಚೆಂಡು ಬಲಕ್ಕೆ: ಗಾಲ್ಫ್ ಪ್ರಶ್ನೋತ್ತರ

(ಉತ್ತರಗಳು ಬಲಗೈ ಆಟಗಾರರಿಗೆ. ಎಡಗೈಯವರು ಎಡ–ಬಲ ಅದಲುಬದಲು ಮಾಡಿ ಓದಿಕೊಳ್ಳಿ.)

ಆರು ತಿಂಗಳಿಂದ ಜಿಮ್‌ನಲ್ಲಿ ಮುಂಗೈ ಗಟ್ಟಿ ಮಾಡಿಕೊಂಡಿದ್ದೇನೆ. ಆದರೂ ಡ್ರೈವರ್ (ದೂರಕ್ಕೆ ಹೊಡೆಯುವ ಕ್ಲಬ್) ಹೊಡೆತ ಬಲಕ್ಕೇ ಹೊರಳುತ್ತದೆ, ದೂರವೂ ಹೆಚ್ಚಿಲ್ಲ. ಯಾಕೆ? – ಮೈಸೂರು ಓದುಗರು

ಕೈಗಿರುವ ಬಲ ಬೇರೆ, ಅದರಲ್ಲಿ ಕ್ಲಬ್ಬಿನ ಮೇಲೆ ಎಷ್ಟು ಹಾಕುತ್ತೀರಿ ಅನ್ನುವುದು ಬೇರೆ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವು ಮಣಿಕಟ್ಟು ದಾಟಿಯೇ ಬೆರಳನ್ನು ಎಳೆಯಬೇಕು. ಹಾಗಾಗಿ ಜೋರಾಗಿ ಹಿಂಡಿದಾಗ ಮಣಿಕಟ್ಟೂ ಬಿಗಿದುಕೊಳ್ಳುತ್ತದೆ. ಮೇಲೆತ್ತುವಾಗ ಅದು ಸರಿಯಾಗಿ ಮಡಚುವುದಿಲ್ಲ, ವೇಗ ಅಲ್ಲೇ ಹೋಯಿತು. ಇಳಿಸುವಾಗ ಮುಂಗೈ ತಿರುಗದೆ ಕ್ಲಬ್‌ಮುಖ ತೆರೆದುಕೊಂಡೇ (ಬಲಕ್ಕೆ ನೋಡುತ್ತಲೇ) ಚೆಂಡಿಗೆ ಬಡಿಯುತ್ತದೆ. ಚೆಂಡು ಹೀಗೆ ಬಲಕ್ಕೆ ಹೊರಳುವುದೇ ಸ್ಲೈಸ್. ನಿಮ್ಮ ಸ್ಲೈಸ್‌ಗೆ ಇದು ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಜಿಮ್ ದಂಡವಾಯಿತೆಂದಲ್ಲ. 45 ಕೆ.ಜಿ. ಹಿಂಡಬಲ್ಲ ಕೈಗೆ 10 ಕೆ.ಜಿ. ಹಿಡಿತ ಲೆಕ್ಕಕ್ಕೇ ಇಲ್ಲ, 20 ಕೆ.ಜಿ. ಕೈಗೆ ಅದು ಅರ್ಧ ಶಕ್ತಿ. ಬಲವಿದ್ದವರು ಸಡಿಲವಾಗಿ ಹಿಡಿದೂ ಕ್ಲಬ್ ಜಾರದಂತೆ ನೋಡಿಕೊಳ್ಳಬಲ್ಲರು. ಆ ಅನುಕೂಲವನ್ನು ಬಳಸಿಕೊಳ್ಳಿ.

ಅಳತೆ ಹೀಗೆ: ಕ್ಲಬ್ಬನ್ನು ಎದೆಯ ಮುಂದೆ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ನಿಧಾನವಾಗಿ 45 ಡಿಗ್ರಿಗೆ ವಾಲಿಸಿ. ಅದು ಬೀಳದಿರಲು ಬೆರಳು ತಾನಾಗಿ ಎಷ್ಟು ಬಿಗಿಯುತ್ತದೋ ಅಷ್ಟು ಸಾಕು. ಹತ್ತಕ್ಕೆ ನಾಲ್ಕೋ ಐದೋ. ಒತ್ತಡ ಎಡಗೈಯ ಕೊನೆಯ ಮೂರು ಬೆರಳುಗಳಲ್ಲಿರಲಿ, ಬಲಗೈ ಹೆಬ್ಬೆರಳಲ್ಲಲ್ಲ. ಶುರುವಿನಲ್ಲಿ ಹೂವಿನಂತೆ ಹಿಡಿದು, ಮೇಲಿನಿಂದ ಇಳಿಸುವಾಗ ಗಬಕ್ಕನೆ ಹಿಂಡುವವರೇ ಬಹಳ. ಅದಕ್ಕಿಂತ ಮೊದಲಿನಿಂದಲೂ ಐದರಲ್ಲೇ ಇರುವುದು ವಾಸಿ.

ಕೋಚ್ ‘ಗ್ರಿಪ್ ಸ್ಟ್ರಾಂಗ್ ಮಾಡಿ’ ಅಂದರು. ಬಿಗಿಯಾಗಿ ಹಿಡಿದೆ, ಇನ್ನೂ ಕೆಟ್ಟಿತು. – ಬೆಂಗಳೂರು

ಈ ಪದವೇ ಹಾದಿ ತಪ್ಪಿಸುತ್ತದೆ. ಸ್ಟ್ರಾಂಗ್ ಎಂದರೆ ಬಿಗಿಯಲ್ಲ, ಕೈಗಳನ್ನು ಬಲಭುಜದ ಕಡೆ ತಿರುಗಿಸಿ ಇಡುವುದು. ನಿಂತು ಎಡಗೈ ನೋಡಿ: ಎರಡು ಗೆಣ್ಣು ಕಂಡರೆ ನ್ಯೂಟ್ರಲ್, ಮೂರು ಅಥವಾ ಹೆಚ್ಚಾದರೆ ಸ್ಟ್ರಾಂಗ್, ಒಂದೇ ಆದರೆ ವೀಕ್. ಸ್ಟ್ರಾಂಗ್ ಗ್ರಿಪ್‌ನಲ್ಲಿ ಕ್ಲಬ್‌ಮುಖ ಬೇಗ ಮುಚ್ಚುವುದರಿಂದ ಸ್ಲೈಸ್ ಕಡಿಮೆಯಾಗುತ್ತದೆ. ಅತಿಯಾದರೆ ಚೆಂಡು ಎಡಕ್ಕೆ ಹೊರಳಿ ಹುಕ್ ಆಗುತ್ತದೆ. ಹುಕ್ಕಿನಿಂದ ಬೇಸತ್ತ ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಬೆನ್ ಹೋಗನ್ ಎಡಗೈಯನ್ನು ವೀಕ್ ಕಡೆಗೇ ತಿರುಗಿಸಿಕೊಂಡರು. ನೀವು ಒಮ್ಮೆಗೆ ಅರ್ಧ ಗೆಣ್ಣಿನಷ್ಟು ಮಾತ್ರ ಬದಲಿಸಿ, ಒತ್ತಡ ಹಾಗೇ ಇರಲಿ.

ಎಡಗೈ ಗ್ಲೌಸ್ ಪ್ರತಿ ಸಲ ಅಂಗೈ ಬುಡದಲ್ಲೇ ತೂತಾಗುತ್ತದೆ. – ಮಡಿಕೇರಿ

ಗ್ಲೌಸ್ ಚಾಡಿ ಹೇಳುತ್ತಿದೆ! ಕ್ಲಬ್ ಬೆರಳುಗಳಲ್ಲಿ ಕೂರದೆ ಅಂಗೈಯಲ್ಲಿ ಕೂತು ಉಜ್ಜುತ್ತಿದೆ. ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿಗೆ ಓರೆಯಾಗಿ ಇಟ್ಟು, ಅಂಗೈಯ ಕೆಳದಿಂಡು ಮೇಲೆ ಕೂರುವಂತೆ ಮುಚ್ಚಿ. ಗ್ರಿಪ್ (ಇಲ್ಲಿ ಕ್ಲಬ್ಬಿನ ಹಿಡಿಕೆ) ರಬ್ಬರ್ ಹಳತಾಗಿ ನುಣುಪಾಗಿದೆಯೇ ನೋಡಿ, ನುಣುಪಾದರೆ ಗೊತ್ತಿಲ್ಲದೆಯೇ ಹಿಂಡುತ್ತೀರಿ. ಉಗುರು ಬೆಚ್ಚಗಿನ ಸೋಪುನೀರಲ್ಲಿ ಉಜ್ಜಿ ತೊಳೆದು ಒಣಗಿಸಿ. ಆಮೇಲೂ ಜಾರಿದರೆ ಬದಲಿಸಿ. ಗ್ರಿಪ್ ಸಣ್ಣದೆನಿಸಿದರೆ ಒಳಗೆ ಟೇಪ್ ಸುತ್ತಿಸಬಹುದು: ಒಂದು ಸುತ್ತಿಗೆ ಸುಮಾರು 1/64 ಇಂಚು ದಪ್ಪ. ಮಡಿಕೇರಿ ಮಳೆಗೆ ಚರ್ಮದ ಗ್ಲೌಸ್ ಬೇಡ, ಒದ್ದೆಯಾದಷ್ಟೂ ಹಿಡಿತ ಕೊಡುವ ರೇನ್ ಗ್ಲೌಸ್ ಜೋಡಿ ಕೊಳ್ಳಿ.

ಹಿಡಿತಕ್ಕೆ ಯಾವ ವ್ಯಾಯಾಮ? – ಹುಬ್ಬಳ್ಳಿ

ವಾರಕ್ಕೆ ಎರಡು ದಿನ: ಎರಡೂ ಕೈಯಲ್ಲಿ ಡಂಬೆಲ್ ಹಿಡಿದು 30 ಸೆಕೆಂಡ್ ನಡಿಗೆ, ಮೂರು ಸಲ, ಬಾರ್‌ಗೆ 20 ಸೆಕೆಂಡ್ ಜೋತುಬೀಳುವುದು, ಬೆರಳುಗಳಿಗೆ ರಬ್ಬರ್‌ಬ್ಯಾಂಡ್ ಹಾಕಿ 15 ಸಲ ಅಗಲಿಸುವುದು. ಕೊನೆಯದನ್ನು ಬಿಡಬೇಡಿ, ಮಡಚುವ ಸ್ನಾಯುವನ್ನಷ್ಟೇ ಬೆಳೆಸಿದರೆ ಮೊಣಕೈಗೆ ನೋವು ಬರಬಹುದು. ಆಟದ ದಿನ ಬೆಳಿಗ್ಗೆ ಇದ್ಯಾವುದೂ ಬೇಡ, ದಣಿದ ಬೆರಳಿಗೆ ಒತ್ತಡದ ಅಂದಾಜು ಸಿಗುವುದಿಲ್ಲ.