ಸೈಟ್ ನಿಂತರೆ ಕೀಪ್‌ಅಲೈವ್ ಆಫ್ ಮಾಡಬೇಡಿ

ಕೊಡಗಿಗೆ ಪ್ರವಾಸಿಗರು ನುಗ್ಗುವ ದಿನಗಳು ಬಂದರೆ ಸಾಕು, ನನಗೆ ಒಂದೇ ಥರದ ಪತ್ರಗಳು ಶುರು. ಸೈಟ್ ನಿಂತಿದೆ, ಕೀಪ್‌ಅಲೈವ್ ಆಫ್ ಮಾಡಲಾ ಅಂತ. ಕೀಪ್‌ಅಲೈವ್ ಅಂದರೆ ಪೇಜ್ ಕಳಿಸಿದಮೇಲೂ ಕನೆಕ್ಷನ್ನನ್ನು ಮುಚ್ಚದೆ, ಮುಂದಿನ ರಿಕ್ವೆಸ್ಟ್‌ಗಾಗಿ ಸ್ವಲ್ಪ ಹೊತ್ತು ಉಳಿಸಿಕೊಳ್ಳುವುದು. ಬೇಡ ಎಂದು ಎಷ್ಟು ಸಲ ಬರೆದರೂ ಪ್ರಶ್ನೆ ನಿಂತಿಲ್ಲ. ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನಮ್ಮದು ಹೋಂಸ್ಟೇ ಬುಕಿಂಗ್ ಸೈಟ್. ವೆಬ್ ಸರ್ವರ್ ಅಪಾಚೆ, ಅದರೊಳಗೇ ಪೇಜ್ ತಯಾರಿಸುವ ಪಿಎಚ್‌ಪಿ, 4 ಜಿಬಿ ರ‍್ಯಾಮ್. ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್, ಅಂದರೆ ಒಂದೇ ಸಲಕ್ಕೆ ಓಡಬಲ್ಲ ಕೆಲಸಗಾರ ಪ್ರೊಸೆಸ್‌ಗಳ ಮಿತಿ, 60 ಇದೆ. ಲಾಂಗ್ ವೀಕೆಂಡ್ ಹತ್ತಿರ ಬಂದಾಗ ಪೇಜ್ ತೆರೆಯುವುದೇ ಇಲ್ಲ, ಆದರೆ ಸಿಪಿಯು ಸುಮ್ನೆ ಕೂತಿರುತ್ತದೆ. ಸ್ಪೀಡ್ ಜಾಸ್ತಿ ಮಾಡಿಕೊಡುತ್ತೇನೆ ಎಂದು ಬಂದವರೊಬ್ಬರು ಕೀಪ್‌ಅಲೈವ್‌ಟೈಮ್‌ಔಟನ್ನು (ಕನೆಕ್ಷನ್ ಸುಮ್ನೆ ತೆರೆದಿಡುವ ಅವಧಿ) 60 ಸೆಕೆಂಡ್ ಮಾಡಿದ್ದರು. ಈಗ ಅವರೇ ಕೀಪ್‌ಅಲೈವ್ ಆಫ್ ಮಾಡಿ ಅನ್ನುತ್ತಾರೆ. ಏನು ಮಾಡಲಿ? (ಗೋಣಿಕೊಪ್ಪಲು)

ಉತ್ತರ: ಅವರು ಹೇಳಿದ ಎರಡೂ ತಪ್ಪು. ಸರ್ವರ್ ಪಾಸ್‌ವರ್ಡ್ ಅವರ ಬಳಿ ಇದ್ದರೆ ಇವತ್ತೇ ಬದಲಿಸಿ.

ಪಿಎಚ್‌ಪಿ ಅಪಾಚೆಯೊಳಗೇ ಓಡುತ್ತಿದೆ ಅಂದರೆ ನಿಮ್ಮಲ್ಲಿರುವುದು ಬಹುತೇಕ ಪ್ರಿಫೋರ್ಕ್ ಎಂಬ ಕೆಲಸದ ಕ್ರಮ. ಅದರಲ್ಲಿ ಒಂದು ಕನೆಕ್ಷನ್‌ಗೆ ಒಂದು ಪ್ರೊಸೆಸ್. ಪೇಜ್ ಕಳಿಸಿ ಆದಮೇಲೂ ಟೈಮ್‌ಔಟ್ ಮುಗಿಯುವ ತನಕ ಆ ಪ್ರೊಸೆಸ್ ಬೇರೆಯವರಿಗೆ ಸಿಗುವುದಿಲ್ಲ. ಬೀಗದ ಕೈ ಜೇಬಿಗೆ ಹಾಕಿಕೊಂಡು ರಾಜಾಸೀಟಿಗೆ ಹೋದ ಅತಿಥಿಯ ಹಾಗೆ. ರೂಮಿನಲ್ಲಿ ಯಾರೂ ಇಲ್ಲ, ಆದರೆ ಬಾಗಿಲಿಗೆ ಬಂದವರಿಗೆ ಕೊಡಲೂ ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ ಎಚ್‌ಟಿಟಿಪಿ. ಅದರ 1.1ರಲ್ಲಿ ಬ್ರೌಸರ್ ಒಂದು ಸೈಟಿಗೆ 6 ಕನೆಕ್ಷನ್ ತನಕ ತೆರೆಯುತ್ತದೆ. ಫೋಟೋ ತುಂಬಿದ ನಿಮ್ಮ ಪೇಜನ್ನು 10 ಜನ ಒಟ್ಟಿಗೆ ತೆರೆದರೆ 60 ಪ್ರೊಸೆಸ್ ಮುಗಿಯಿತು. 11ನೆಯವರು ಒಂದು ನಿಮಿಷದ ತನಕ ಬಿಳಿ ಪರದೆ ನೋಡುತ್ತಿರಬೇಕು. ಯಾರು ಕಾಯುತ್ತಾರೆ? ಬೇರೆ ಹೋಂಸ್ಟೇ ಬುಕ್ ಮಾಡಿ ಹೋಗುತ್ತಾರೆ.

ಏನನ್ನೂ ಮುಟ್ಟುವ ಮೊದಲು ಅಪಾಚೆಯ ಮಾಡ್‌ಸ್ಟೇಟಸ್ ಮಾಡ್ಯೂಲ್ ಹಾಕಿ ಸರ್ವರ್ ಸ್ಟೇಟಸ್ ಪುಟ ನೋಡಿ. ಅದು ಹೊರಗಿನವರಿಗೆ ಕಾಣದ ಹಾಗೆ ಇಡಿ. ಅಲ್ಲಿ ಸಾಲುಸಾಲಾಗಿ 'ಕೆ' ಅಕ್ಷರ ಇದ್ದರೆ ಅವೆಲ್ಲ ಕೆಲಸವಿಲ್ಲದೆ ಕನೆಕ್ಷನ್ ಹಿಡಿದು ಕೂತ ಪ್ರೊಸೆಸ್‌ಗಳು. 'ಡಬ್ಲ್ಯು' (ಉತ್ತರ ಕಳಿಸುತ್ತಿರುವ ಪ್ರೊಸೆಸ್) ಜಾಸ್ತಿ ಇದ್ದರೆ ರೋಗವೇ ಬೇರೆ. ನಿಧಾನ ಆಗಿರುವುದು ಬಹುತೇಕ ನಿಮ್ಮ ಪಿಎಚ್‌ಪಿ ಅಥವಾ ಡೇಟಾಬೇಸ್.

ಹಾಗಾದರೆ ಆಫ್ ಮಾಡಿದರೇನು? ಸರ್ವರ್ ಹಗುರ ಆಗುತ್ತದೆ, ಗ್ರಾಹಕರ ಪಾಡು ಕೆಡುತ್ತದೆ. ಪ್ರತಿ ಫೋಟೋಗೂ ಹೊಸ ಕನೆಕ್ಷನ್ ಬೇಕು. ಕನೆಕ್ಷನ್ ಕಟ್ಟುವ ಟಿಸಿಪಿಗೆ ಒಂದು ಸಲ ಸರ್ವರ್ ತನಕ ಹೋಗಿಬರಬೇಕು, ಮಾಹಿತಿಯನ್ನು ಗುಟ್ಟಾಗಿಡುವ ಟಿಎಲ್‌ಎಸ್ 1.3 ಇದ್ದರೆ ಇನ್ನೊಂದು ಸಲ, 1.2 ಇದ್ದರೆ ಇನ್ನೆರಡು ಸಲ. ಭಾಗಮಂಡಲದ ಮಳೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ನಿಂತವರಿಗೆ ಒಮ್ಮೆ ಹೋಗಿಬರಲು 200 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಟಿಎಲ್‌ಎಸ್ 1.3 ಇದ್ದರೂ ಫೋಟೋ ಕೇಳುವ ಮೊದಲೇ 400 ಹೋಯಿತು, ಅದೂ ಪ್ರತಿ ಸಲ. 1997ರಲ್ಲಿ ಎಚ್‌ಟಿಟಿಪಿ 1.1 ಬಂದಾಗಲೇ ಕನೆಕ್ಷನ್ ಉಳಿಸಿಕೊಳ್ಳುವುದನ್ನು ಮಾಮೂಲು ಕ್ರಮ ಮಾಡಿದ್ದು ಈ ನಷ್ಟ ತಪ್ಪಿಸಲಿಕ್ಕೇ.

ಕೀಪ್‌ಅಲೈವ್ ಆನ್ ಇರಲಿ. ಟೈಮ್‌ಔಟ್ 2 ಅಥವಾ 3 ಸೆಕೆಂಡ್ ಸಾಕು. ಏನೂ ಬರೆಯದಿದ್ದರೆ ಅಪಾಚೆ 5 ಇಟ್ಟುಕೊಳ್ಳುತ್ತದೆ, ಅದೂ 60ಕ್ಕಿಂತ ಎಷ್ಟೋ ಮೇಲು. ಒಂದು ಪೇಜಿನ ಫೋಟೋಗಳೆಲ್ಲ ಬೆನ್ನುಬೆನ್ನಿಗೆ ಬರುತ್ತವೆ. ಓದುಗ ಮುಂದಿನ ಪೇಜ್ ಒತ್ತುವ ತನಕ ಕಾಯುವ ಅಗತ್ಯ ಪ್ರಿಫೋರ್ಕ್‌ಗೆ ಇಲ್ಲ.

ಇನ್ನೊಂದು ಕೆಟ್ಟ ಸಲಹೆ ಓಡಾಡುತ್ತಿದೆ: ವರ್ಕರ್ಸ್ ಸಂಖ್ಯೆಯನ್ನು 256ಕ್ಕೆ ಏರಿಸಿ ಅಂತ. ಒಂದು ಪ್ರೊಸೆಸ್ 40 ಎಂಬಿ ಹಿಡಿದರೂ ಅದಕ್ಕೆ 10 ಜಿಬಿ ಬೇಕು, ನಿಮ್ಮಲ್ಲಿರುವುದು 4. ಮೆಮೊರಿ ಸಾಲದೆ ಸರ್ವರ್ ಸ್ವ್ಯಾಪ್‌ಗೆ, ಅಂದರೆ ಡಿಸ್ಕನ್ನೇ ಮೆಮೊರಿಯ ಹಾಗೆ ಬಳಸುವ ಸ್ಥಿತಿಗೆ ಬಿದ್ದರೆ ಎಲ್ಲರಿಗೂ ನಿಧಾನ ಆಗುತ್ತದೆ.

ನಿಜವಾದ ಪರಿಹಾರ ಪ್ರಿಫೋರ್ಕ್ ಬಿಟ್ಟು ಈವೆಂಟ್ ಎಂಪಿಎಂ (ಅಪಾಚೆಯ ಇನ್ನೊಂದು ಕೆಲಸದ ಕ್ರಮ), ಜೊತೆಗೆ ಪಿಎಚ್‌ಪಿಯನ್ನು ಅಪಾಚೆಯ ಹೊರಗೆ ಓಡಿಸುವ ಪಿಎಚ್‌ಪಿ ಎಫ್‌ಪಿಎಂ. ಈವೆಂಟ್‌ನಲ್ಲಿ ಸುಮ್ನಿರುವ ಕನೆಕ್ಷನ್‌ಗಳನ್ನು ಬಂದವರಿಗೆ ಕಿವಿಗೊಟ್ಟು ಕೂತ ಲಿಸನರ್ ಥ್ರೆಡ್ಡೇ ನೋಡಿಕೊಳ್ಳುತ್ತದೆ, ವರ್ಕರ್ ಬಿಡುವಾಗುತ್ತದೆ. ಎಚ್‌ಟಿಟಿಪಿ 2 ಕೂಡ ಸಿಗುತ್ತದೆ. ಪ್ರಿಫೋರ್ಕ್‌ಗೆ ಆ ಭಾಗ್ಯ ಅಪಾಚೆ 2.4.27ರಿಂದ ಇಲ್ಲ. ಆದರೆ ಶುಕ್ರವಾರ ಸಂಜೆಯಾಗಲಿ, ತಲಕಾವೇರಿ ತೀರ್ಥೋದ್ಭವದ ವಾರದಲ್ಲಾಗಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಖಾಲಿ ಮಂಗಳವಾರ ನೋಡಿ ಮಾಡಿ. ಹಳೆಯ ಕಾನ್ಫಿಗ್ ಪ್ರತಿ ಇಟ್ಟುಕೊಳ್ಳಿ, ಕಾನ್ಫಿಗ್‌ಟೆಸ್ಟ್ ಓಡಿಸಿ, ಆಮೇಲೆ ರೀಲೋಡ್.

ಪ್ರಶ್ನೆ: ಎಚ್‌ಟಿಆಕ್ಸೆಸ್ (ಫೋಲ್ಡರ್ ಮಟ್ಟದ ಅಪಾಚೆ ಸೆಟ್ಟಿಂಗ್) ಫೈಲಿನಲ್ಲಿ ಕನೆಕ್ಷನ್ ಕೀಪ್‌ಅಲೈವ್ ಹೆಡರ್ ಸೇರಿಸಿದರೆ ಸೈಟ್ ಫಾಸ್ಟ್ ಆಗುತ್ತಾ? (ಸೋಮವಾರಪೇಟೆ)

ಉತ್ತರ: ಇಲ್ಲ. ಕೀಪ್‌ಅಲೈವ್ ಆನ್ ಆಫ್ ಮಾಡುವ ಜಾಗ ಇರುವುದು ಮುಖ್ಯ ಕಾನ್ಫಿಗ್‌ನಲ್ಲಿ ಅಥವಾ ವರ್ಚುವಲ್‌ಹೋಸ್ಟ್‌ನಲ್ಲಿ (ಒಂದೊಂದು ಸೈಟಿನ ಸೆಟ್ಟಿಂಗ್). ಎಚ್‌ಟಿಟಿಪಿ 2ರಲ್ಲಂತೂ ಆ ಹೆಡರ್‌ಗೆ ಅವಕಾಶವೇ ಇಲ್ಲ. ಇದನ್ನು ಸ್ಪೀಡ್ ಪ್ಯಾಕೇಜ್ ಅಂತ ಮಾರುವವರು ಮೋಸ ಮಾಡುತ್ತಿದ್ದಾರೆ.

ಪ್ರಶ್ನೆ: ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಟೈಮ್ 7200 ಇದೆ. ಅದನ್ನು ಇಳಿಸಲಾ? (ವಿರಾಜಪೇಟೆ)

ಉತ್ತರ: ಅದು ಸತ್ತ ಕನೆಕ್ಷನ್ ಪತ್ತೆ ಮಾಡಲು ಇರುವುದು, ವೆಬ್ ಸರ್ವರ್‌ನ ಕೀಪ್‌ಅಲೈವ್‌ಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಮುಂದೆ ಬ್ರೌಸರ್‌ಗಳ ಜೊತೆ ಮಾತಾಡುವ ಎಂಜಿನ್‌ಎಕ್ಸ್, ಹಿಂದೆ ಬುಕಿಂಗ್ ನಡೆಸುವ ನೋಡ್‌ಜೆಎಸ್. ನಡುವೆ ಕೀಪ್‌ಅಲೈವ್ ಹಾಕಿದಮೇಲೆ ಬುಕಿಂಗ್ ಒತ್ತಿದಾಗ ಅಪರೂಪಕ್ಕೆ 502 (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ದೋಷ) ಬರುತ್ತದೆ. (ಕುಶಾಲನಗರ)

ಉತ್ತರ: ಇದು ಒಳ್ಳೆಯ ಪ್ರಶ್ನೆ. ಏನೂ ಬರೆಯದಿದ್ದರೆ ನೋಡ್ ಸಾಮಾನ್ಯವಾಗಿ 5 ಸೆಕೆಂಡಿನ ಆಸುಪಾಸಿನಲ್ಲಿ ಸುಮ್ನಿರುವ ಕನೆಕ್ಷನ್ ಮುಚ್ಚುತ್ತದೆ, ಎಂಜಿನ್‌ಎಕ್ಸ್ ಹಿಂದಿನ ಸರ್ವರ್‌ಗೆ 60 ಸೆಕೆಂಡ್ ತೆರೆದಿಡುತ್ತದೆ. ನೋಡ್ ಮುಚ್ಚುವ ಗಳಿಗೆಯಲ್ಲೇ ರಿಕ್ವೆಸ್ಟ್ ಹೋದರೆ ಅದು ಬಿದ್ದುಹೋಗುತ್ತದೆ. ಪೇಜ್ ತರುವ ಗೆಟ್ ಆದರೆ ಎಂಜಿನ್‌ಎಕ್ಸ್ ಮತ್ತೆ ಕಳಿಸುತ್ತದೆ. ಬುಕಿಂಗ್‌ನ ಪೋಸ್ಟನ್ನು ಎರಡು ಸಲ ಕಳಿಸುವುದಿಲ್ಲ, ಕಳಿಸಲೂಬಾರದು. ಹಿಂದಿನ ಸರ್ವರ್‌ನ ಟೈಮ್‌ಔಟ್ ಯಾವಾಗಲೂ ಮುಂದಿನದಕ್ಕಿಂತ ಜಾಸ್ತಿ ಇರಬೇಕು. ನೋಡ್‌ನ ಕೀಪ್‌ಅಲೈವ್‌ಟೈಮ್‌ಔಟನ್ನು 65000 ಮಾಡಿ, ಅಲ್ಲಿ ಲೆಕ್ಕ ಮಿಲಿಸೆಕೆಂಡಿನಲ್ಲಿ.